ಐದನೆಯವನ ಹಾಡು

ಟೀಚರ್ ದರ್ಜಿಯ ಕೈಯಿಂದ ಮೊಬೈಲು ಕಿತ್ತುಕೊಂಡಳು. ಹೆಣ ಪಕ್ಕದ ಕೋಣೆಯಲ್ಲೇ ಇತ್ತು.

"ಛತ್ರಿ ಹಾಡು ಹಾಕ್ತೀಯಾ? ಸತ್ತವರ ಮನೇಲಿ ಕುಣಿಯೋ ಹಾಡಾ? ಅವಳಿಗೆ ಇಷ್ಟ ಇದ್ದಿದ್ದು ಕಿಟಕಿ ಹಾಡು."

"ನಿಂಗೇನು ಗೊತ್ತು, ಮಣ್ಣು," ಎಂದಳು ದರ್ಜಿ. "ಅಂಗಡಿಗೆ ಬಂದಾಗಲೆಲ್ಲ ಛತ್ರಿ ಹಾಡೇ ನಂಬರ್ ಒನ್ ಅಂತಿದ್ಲು."

"ನನ್ನ ಹತ್ರ ಕಿಟಕಿ ಅಂತಿದ್ಲು."

ಮೂರನೆಯವಳು ಆಸ್ಪತ್ರೆಯ ನರ್ಸು. ಕುರ್ಚಿ ಬಿಟ್ಟು ಏಳದೆಯೇ ಅಂದಳು: "ನಿಮ್ಮಿಬ್ಬರ ಬಾಯಿ ಮುಚ್ಚಿಸೋಕೆ ಹಾಗಂದಿರ್ತಾಳೆ. ಅವಳದ್ದು ರೈಲು ಹಾಡು. ನಾನು ಅಂದಾಗ ಹೂಂ ಅಂದಿದ್ಲಲ್ಲ."

ಸತ್ತವಳ ಮಗಳು ಬಾಗಿಲಲ್ಲಿ ನಿಂತಿದ್ದಳು. "ಒಂದೇ ಒಂದು ಹೇಳಿ ಆಂಟಿ. ವ್ಯಾನ್ ಬರೋ ಹೊತ್ತಾಯ್ತು. ಅಮ್ಮನಿಗೆ ಇಷ್ಟದ್ದು ಒಂದಾದ್ರೂ ಹಾಕಿ ಕಳಿಸ್ಬೇಕು."

ಬೆಳಿಗ್ಗೆ ಅಮ್ಮನಿಗೆ ಉಡಿಸಲು ಬಟ್ಟೆ ಹುಡುಕುವಾಗ ಅವಳು ಬೀರುವಿನ ಸೀರೆಗಳನ್ನೆಲ್ಲ ಹೊರಗೆಳೆದು ಹಾಕಿದ್ದಳು. ಅಮ್ಮನಿಗೆ ಯಾವ ಬಣ್ಣ ಇಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ಊಟಕ್ಕೇನು ಮಾಡಲಿ ಎಂದರೆ ನಿನಗೇನು ಬೇಕೋ ಅದೇ ಅನ್ನುತ್ತಿದ್ದ ಹೆಂಗಸು. ತನ್ನದು ಎನ್ನುವಂತೆ ಆಕೆಗಿದ್ದದ್ದು ಭಾನುವಾರದ ಮಧ್ಯಾಹ್ನ ಮತ್ತು ಈ ಮೂವರು ಗೆಳತಿಯರು, ಅಷ್ಟೇ.

ತೊಂಬತ್ತರ ದಶಕದಲ್ಲಿ ಐದು ಜನ ಹುಡುಗರ ಹಾಡುವ ತಂಡವೊಂದಿತ್ತು. ಬಿಳಿ ಪ್ಯಾಂಟು, ಬಣ್ಣ ಬಳಿದ ಮುಂಗುರುಳು. ನಾಲ್ವರು ಗೆಳತಿಯರೂ ಅವರ ಮೇಲೆ ಪ್ರಾಣ ಇಟ್ಟಿದ್ದರು. ಹಾಡುಗಳ ನಿಜವಾದ ಹೆಸರು ಇವರಿಗೆ ಬೇಕಿರಲಿಲ್ಲ, ವಿಡಿಯೋದಲ್ಲಿ ಕಂಡದ್ದೇ ಹೆಸರು. ಯಾವುದು ಮೊದಲು, ಯಾವುದು ಎರಡನೆಯದು ಎಂದು ಆಗ ಶುರುವಾದ ಜಗಳ ತಲೆ ನರೆತರೂ ಮುಗಿದಿರಲಿಲ್ಲ.

ಸತ್ತವಳು ಕೆಲಸಕ್ಕಿದ್ದ ಲಾಂಡ್ರಿಯ ಮಾಲೀಕ ಒಳಕೋಣೆಯಿಂದ ಕಣ್ಣೊರೆಸಿಕೊಳ್ಳುತ್ತ ಬಂದ. "ಅಂಥವಳು ಇನ್ನೆಲ್ಲಿ ಸಿಗ್ತಾಳೆ? ಅಷ್ಟು ವರ್ಷ ನನ್ನ ಹತ್ರ ಇಸ್ತ್ರಿ ಹಾಕಿದ್ಲು. ಬೇಕು ಅಂದವಳಲ್ಲ, ಬೇಡ ಅಂದವಳಲ್ಲ." ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು. ಇದನ್ನು ಹೊಗಳಿಕೆ ಎಂದು ತಿಳಿಯುವುದಕ್ಕೂ ಒಂದು ಗಟ್ಟಿ ಎದೆ ಬೇಕು.

"ನಾವು ಹೀಗೇ ಕಿತ್ತಾಡ್ತೀವಿ ಪುಟ್ಟಿ," ಎಂದಳು ನರ್ಸು. "ಆದ್ರೆ ಕೊನೇ ನಂಬರ್ ಯಾವುದು ಅಂತ ಕೇಳು, ಮೂವರದ್ದೂ ಒಂದೇ ಮಾತು."

"ಅಳುಮುಂಜಿ ಹಾಡು," ಎಂದರು ಟೀಚರ್ ಮತ್ತು ದರ್ಜಿ ಒಟ್ಟಿಗೇ. ಮೂವರೂ ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಕ್ಕರು.

"ಅಮ್ಮನಿಗೂ ಆಗ್ತಿರಲಿಲ್ವಾ?"

"ಅಯ್ಯೋ, ಅದು ಶುರುವಾದ ಕೂಡ್ಲೇ ಟಪ್ ಅಂತ ಮುಂದಕ್ಕೆ ಓಡಿಸಿಬಿಡೋಳು. ಒಂದು ಸಾಲೂ ಕೇಳ್ತಿರಲಿಲ್ಲ," ಎಂದಳು ದರ್ಜಿ.

ಮಗಳ ಮುಖದಲ್ಲಿ ಆ ದಿನ ಮೊದಲ ಸಲ ನಗು ಬಂತು. ಅಮ್ಮನದ್ದು ಅಂತ ಒಂದಾದರೂ ಸಿಕ್ಕಿತಲ್ಲ ಎಂದು ಅವಳಿಗೆ ಸಮಾಧಾನವಾಯಿತು.

* * *

ಆ ಕಾಲದಲ್ಲಿ ಟೇಪ್ ರೆಕಾರ್ಡರ್ ಇದ್ದದ್ದು ಸತ್ತವಳ ತವರಿನಲ್ಲಿ. ಹಾಗಾಗಿ ಕೂಟ ಸೇರುತ್ತಿದ್ದದ್ದು ಅಲ್ಲಿ, ಗುಂಡಿ ಒತ್ತುವ ಕೆಲಸ ಅವಳದ್ದು. ಎಲ್ಲದಕ್ಕೂ ಹೂಂ ಅನ್ನುವಳೆಂದು ಗೆಳತಿಯರು ಅವಳಿಗೆ ಹೂಂಗಿಣಿ ಎಂದು ಹೆಸರಿಟ್ಟಿದ್ದರು.

ಒಂದು ಭಾನುವಾರ ತಂಡದ ಹುಡುಗರನ್ನು ಹಂಚಿಕೊಂಡರು. ಚೆಂದದವನನ್ನು ಟೀಚರ್ ಹಿಡಿದಳು, ಕುಣಿಯುವವನನ್ನು ದರ್ಜಿ. ನರ್ಸು ಮತ್ತಿಬ್ಬರೂ ಬೇಕು ಅಂತ ಇಬ್ಬರನ್ನೂ ಇಟ್ಟುಕೊಂಡಳು. ಉಳಿದವನು ಐದನೆಯವನು, ಎಲ್ಲರ ಹಿಂದೆ ನಿಲ್ಲುವ ಸೊಟ್ಟ ಹಲ್ಲಿನವನು.

"ಇವನು ನಿನಗಿರಲಿ ಕಣೇ."

"ಹೂಂ."

ಆಮೇಲೆ ಬಂದ ಹೊಸ ಕ್ಯಾಸೆಟ್ಟಿನಲ್ಲಿ ಐದನೆಯವನು ಒಬ್ಬನೇ ಹಾಡಿದ್ದ. ವಾದ್ಯಗಳಿಲ್ಲ. ನಡುವೆ ಒಂದು ಕಡೆ ಅವನ ದನಿ ಒಡೆಯುತ್ತದೆ, ಹಾಗೇ ಬಿಟ್ಟಿದ್ದರು. ಹಾಡು ಮುಗಿದಾಗ ಹೂಂಗಿಣಿ ಯಾರೂ ಕೇಳದೆಯೇ ಅಂದಳು: "ನಂಗೆ ಇದೇ ಮೊದಲನೇದು."

ದರ್ಜಿ ಕೂಡಲೇ ಆ ಒಡೆದ ದನಿಯನ್ನು ಅಣಕಿಸಿ ತೋರಿಸಿದಳು. ನರ್ಸು ನಕ್ಕು ನಕ್ಕು ಮಂಚದಿಂದ ಜಾರಿ ಬಿದ್ದಳು. "ಪಾಲಿಗೆ ಬಂದವನ ಮೇಲೆ ಏನು ನಿಯತ್ತು ನೋಡೇ," ಎಂದಳು ಟೀಚರ್. "ಅಳುಮುಂಜಿಗೊಬ್ಬಳು ಅಳುಮುಂಜಿ."

ಹೂಂಗಿಣಿಯೂ ನಕ್ಕಳು. ಅಂದಿನಿಂದ ಆ ಹಾಡು ಬಂದೊಡನೆ, ಅವರು ಅಣಕಿಸುವ ಮೊದಲೇ, ಮುಂದಕ್ಕೆ ಓಡಿಸುತ್ತಿದ್ದಳು. ಅವರು ಹೋದ ಮೇಲೆ ಹಿಂದಕ್ಕೆ ತಿರುಗಿಸಿ, ದನಿ ತೀರಾ ತಗ್ಗಿಸಿ, ಸ್ಪೀಕರಿಗೆ ಕಿವಿ ಹಚ್ಚಿ ಕೂರುತ್ತಿದ್ದಳು.

ತನಗೆ ಇಂಥದ್ದು ಇಷ್ಟ ಎಂದು ಆಮೇಲೆ ಅವಳು ಯಾರಿಗೂ ಹೇಳಲಿಲ್ಲ. ಗಂಡ ಇದ್ದಷ್ಟು ದಿನ ಅವನಿಗೆ, ಅವನು ಹೋದ ಮೇಲೆ ಲಾಂಡ್ರಿಯವನಿಗೆ, ಮಗಳಿಗೆ, ಯಾರಿಗೆ ಏನು ಬೇಕೋ ಅದಕ್ಕೆ ಹೂಂ ಎಂದಳು.

* * *

ವ್ಯಾನ್ ಬಂದಾಗಲೂ ಗೆಳತಿಯರ ಜಗಳ ಇತ್ಯರ್ಥವಾಗಿರಲಿಲ್ಲ. ಅವರು ಹಿಂದಿನ ಕಾರು ಹತ್ತಿದರು, ಮಗಳು ಡ್ರೈವರಿನ ಪಕ್ಕ ಕೂತಳು. ಮೊಬೈಲಿನಲ್ಲಿ ಆ ತಂಡದ ಹಾಡುಗಳನ್ನೆಲ್ಲ ಸಾಲಾಗಿ ಹಚ್ಚಿದಳು. ಯಾವುದೋ ಒಂದು ಅಮ್ಮನದ್ದಾಗಿರಲೇಬೇಕು ಎಂದುಕೊಂಡಳು.

ಛತ್ರಿ ಮುಗಿಯಿತು. ಕಿಟಕಿ ಮುಗಿಯಿತು. ಸಿಗ್ನಲ್ಲಿನಲ್ಲಿ ವ್ಯಾನು ನಿಂತಿದ್ದಾಗ ಮೂರನೆಯದು ಶುರುವಾಯಿತು. ವಾದ್ಯಗಳಿಲ್ಲದೆ ಒಬ್ಬನೇ ಹಾಡುತ್ತಿದ್ದ.

"ಇದು ಚೆನ್ನಾಗಿದೆಯಲ್ಲಮ್ಮ," ಎಂದ ಡ್ರೈವರ್. "ಇಂಥ ದಿನಕ್ಕೆ ಇದೇ ಸರಿ."

ಅಳುವಂಥ ಆ ದನಿ ಕೇಳಿ, ಇದೇ ಅಳುಮುಂಜಿ ಹಾಡು ಎಂದು ಮಗಳು ಕೂಡಲೇ ಗುರುತು ಹಿಡಿದಳು. ಇಷ್ಟಾದರೂ ಅಮ್ಮನಿಗೆ ಮಾಡಬಲ್ಲೆ ಅನ್ನಿಸಿ ಅವಳ ಕಣ್ಣು ತುಂಬಿತು.

"ಬೇಡ," ಎಂದಳು. "ಅಮ್ಮನಿಗೆ ಇದನ್ನ ಕೇಳಿದ್ರೆ ಆಗ್ತಿರಲಿಲ್ಲ."

ದನಿ ಒಡೆಯುವ ಮುಂಚೆಯೇ ಅವಳು ಮುಂದಕ್ಕೆ ಒತ್ತಿದಳು. ರೈಲು ಹಾಡಿನ ಚಪ್ಪಾಳೆ ಶುರುವಾಯಿತು. ಹಸಿರು ದೀಪ ಬಿತ್ತು, ಡ್ರೈವರ್ ಸ್ಟೇರಿಂಗಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ ವ್ಯಾನು ಬಿಟ್ಟ. ರಸ್ತೆಯ ಉಬ್ಬು ದಾಟುವಾಗ ಹಿಂದೆ ಅಮ್ಮನಿದ್ದ ಪೆಟ್ಟಿಗೆ ಒಮ್ಮೆ ಅಲುಗಿ, ಸುಮ್ಮನಾಯಿತು.