ಬಿಸಿಯಾದ ಮೇಲೆ ಗೊರಗೊರ

"ಪೆಟ್ಟಿಗೆಗೆ ಏನೂ ಆಗಿಲ್ಲ ಅಪ್ಪ. ಕೆಟ್ಟಿರೋದು ನಿಮ್ಮ ಕಿವಿ. ಎಷ್ಟು ಸಲ ಹೇಳ್ಲಿ?"

ಮಗಳು ಇದನ್ನು ರಿಪೇರಿ ಅಂಗಡಿಯಲ್ಲಿ ನಿಂತು ಹೇಳಿದ್ದರಿಂದ ಗಿಟಾರ್ ಮೇಷ್ಟ್ರಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ತೊಡೆಯ ಮೇಲಿದ್ದ ಗಿಟಾರಿನ ಬಿರಡೆಯನ್ನು ಸುಮ್ಮನೆ ತಿರುಗಿಸುತ್ತಾ ಕೂತರು.

ಮೇಜಿನ ಮೇಲೆ ಅವರ ಹಳೇ ವಾಲ್ವ್ ಆಂಪ್ಲಿಫೈಯರ್ ಬೆನ್ನಿನ ಹಲಗೆ ಬಿಚ್ಚಿಸಿಕೊಂಡು ಕೂತಿತ್ತು. ಮಗಳಿಗಿಂತ ವಯಸ್ಸಾದ ಪೆಟ್ಟಿಗೆ ಅದು. ಇತ್ತೀಚೆಗೆ ಅದರ ದನಿ ಒಡೆಯುತ್ತಿದೆ, ಮೆಲ್ಲಗೆ ಮೀಟಿದರೂ ಗಂಟಲು ಕಟ್ಟಿದವರ ಹಾಗೆ ಗೊರಗೊರ ಅನ್ನುತ್ತದೆ ಎಂಬುದು ಮೇಷ್ಟ್ರ ದೂರು. ಕಷ್ಟವೆಂದರೆ ಆ ಗೊರಗೊರ ಅವರೊಬ್ಬರಿಗೇ ಕೇಳುತ್ತಿತ್ತು. ಮಗಳು ಸ್ವಿಚ್ ಹಾಕಿ ನೋಡಿದಾಗ ಇರಲಿಲ್ಲ, ಅಳಿಯ ನೋಡಿದಾಗಲೂ ಇರಲಿಲ್ಲ.

ಬೀದಿಯವರೆಲ್ಲ ರಿಪೇರಿ ಅಕ್ಕ ಎಂದು ಕರೆಯುವ ಅಂಗಡಿಯಾಕೆ ಬೇರೆ ವೈರು ಸಿಕ್ಕಿಸಿ ನೋಡಿದಳು. ಒಳಗೆ ಬಲ್ಬುಗಳ ಹಾಗೆ ಉರಿಯುವ ವಾಲ್ವ್‌ಗಳನ್ನು ಒಂದೊಂದಾಗಿ ಬದಲಿಸಿದಳು, ಪೆನ್ಸಿಲ್ ತುದಿಯಿಂದ ಬೆಸುಗೆಗಳನ್ನೆಲ್ಲ ತಟ್ಟಿದಳು, ಸ್ಪೀಕರಿನ ಕಾಗದ ಹರಿದಿದೆಯೇ ಎಂದು ಬೆರಳಾಡಿಸಿದಳು. ದನಿ ಗಂಟೆಯ ಹಾಗೆ ಸ್ವಚ್ಛವಾಗಿ ಬರುತ್ತಿತ್ತು.

"ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ, ನನಗೂ ಏನೂ ಕೇಳ್ತಿಲ್ಲ."

"ಈಗ ನನಗೂ ಕೇಳ್ತಿಲ್ಲ," ಎಂದರು ಮೇಷ್ಟ್ರು. "ಹಾಗಾದ್ರೆ ಮನೇಲಿ ನಾನು ಕೇಳಿದ್ದೇನು? ಕಿವಿ ಕೈಕೊಟ್ಟಿದ್ರೆ ಇವತ್ತಿಗೇ ಪಾಠ ನಿಲ್ಸ್ತೀನಿ. ತನ್ನ ಕಿವೀನೇ ನಂಬೋಕಾಗದವನು ಮಕ್ಕಳ ತಪ್ಪು ಹೇಗೆ ತಿದ್ದೋದು?"

ಮಗಳ ದನಿ ಇಳಿಯಿತು. "ಅಷ್ಟು ದೂರ ಯಾಕೆ ಹೋಗ್ತೀರಾ? ಕಿವಿಗೊಂದು ಮಶೀನು ಹಾಕ್ಕೊಂಡ್ರಾಯ್ತು."

"ಮಶೀನು ಕೆಟ್ಟಿದೆ ಅಂತ ಕಂಡುಹಿಡಿಯೋಕೆ ಇನ್ನೊಂದು ಮಶೀನಾ?" ಮೇಷ್ಟ್ರು ನಗಲು ನೋಡಿದರು, ಆಗಲಿಲ್ಲ. "ತಾಯಿ, ಈ ಫ್ಯಾನೊಂದು ನಿಲ್ಸು. ಬರೀ ಅದರದ್ದೇ ಗಲಾಟೆ. ಕೊನೇ ಸಲ ಸರಿಯಾಗಿ ಕೇಳ್ಬಿಡ್ತೀನಿ."

"ಇದು ನಿಂತ್ರೆ ನಾನು ಬೆಂದು ಬದನೆಕಾಯಿ ಆಗ್ತೀನಿ," ಎನ್ನುತ್ತಲೇ ಅಕ್ಕ ಮೇಜಿನ ಫ್ಯಾನ್ ಆರಿಸಿದಳು.

ಮೇಷ್ಟ್ರು ದಪ್ಪ ತಂತಿಯನ್ನು ಮೀಟುತ್ತಾ ಹೋದರು. ಮಗಳು ತನ್ನ ಮಿಕ್ಸಿಯಿಂದ ಸುಟ್ಟ ವಾಸನೆ ಬರುವ ಕಥೆ ತೆಗೆದಳು, ಅಕ್ಕ ಸೆರಗಿನಿಂದ ಕುತ್ತಿಗೆ ಒರೆಸುತ್ತಾ ಹೂಂಗುಟ್ಟಿದಳು. ಕಥೆ ಮಿಕ್ಸಿಯಿಂದ ಇಸ್ತ್ರಿ ಪೆಟ್ಟಿಗೆಗೆ ಬರುವ ಹೊತ್ತಿಗೆ ತಂತಿಯ ದನಿ ಒಡೆಯಿತು. ಮಗಳು ಅರ್ಧ ಮಾತಿಗೇ ನಿಂತಳು.

"ಅಪ್ಪ, ಈಗ ನೀವೇನಾದ್ರೂ ಮಾಡಿದ್ರಾ?"

"ನಾನಲ್ಲ. ಅದೇ." ಮತ್ತೆ ಮೀಟಿದರು. ಗೊರ್ರ್.

ಅಕ್ಕ ಹಣೆ ಚಚ್ಚಿಕೊಂಡಳು. "ಎಂಥಾ ಪೆದ್ದಿ ನಾನು! ರೋಗಿಗೆ ಗಾಳಿ ಬೀಸ್ತಾ ಕೂತು ಮೈ ಬಿಸಿ ಇಲ್ಲ ಅಂದ ಹಾಗಾಯ್ತು. ಬಿಸಿಯಾದ್ರೆ ಮಾತ್ರ ಬರೋ ಕಾಯಿಲೆ ಇದು." ಮಗಳ ಕಡೆ ತಿರುಗಿದಳು. "ಮನೇಲಿ ನೀವು ಎಷ್ಟು ಹೊತ್ತು ಹಾಕಿಟ್ಟು ನೋಡಿದ್ರಿ?"

"ಎಲ್ಲಿಯ ಹೊತ್ತು? ಒಳಗೆ ಕೆಂಪಗೆ ಉರಿಯೋದು ಕಂಡ್ರೆ ನನಗೆ ಎದೆ ಡವಡವ. ಅಪ್ಪ ಆಚೆ ಹೋದ್ರೆ ಸಾಕು, ಆರಿಸಿಬಿಡ್ತೀನಿ."

ಅಕ್ಕ ಮೀಟರಿನ ಕಡ್ಡಿಯನ್ನು ಒಂದು ಪುಟ್ಟ ಕೆಪ್ಯಾಸಿಟರಿನ ತುದಿಗೆ ಮುಟ್ಟಿಸಿದಳು. ಅದನ್ನು ದಾಟಿ ಬರಬಾರದ ಕರೆಂಟು ಹನಿಹನಿಯಾಗಿ ಸೋರುತ್ತಿತ್ತು, ಮುಳ್ಳು ಮೆಲ್ಲಗೆ ಏಳುತ್ತಿತ್ತು. "ಸಿಕ್ಕಿಬಿದ್ದ ಕಳ್ಳ." ಪೆಟ್ಟಿಗೆ ಆರಿಸಿ, ಒಳಗೆ ಉಳಿದಿದ್ದ ಕರೆಂಟು ಇಳಿಸಿ, ಹಳೆಯದನ್ನು ಕಿತ್ತು ಹೊಸದನ್ನು ಬೆಸೆದಳು. ಮತ್ತೆ ಸ್ವಿಚ್ ಹಾಕಿದಾಗ ಫ್ಯಾನಿನ ಕಡೆ ಯಾರೂ ನೋಡಲಿಲ್ಲ. ಮೂವರೂ ಬೆವರುತ್ತಾ ಕಾದರು. ಪೆಟ್ಟಿಗೆ ಮುಟ್ಟಿದರೆ ಸುಡುವಷ್ಟು ಬಿಸಿಯಾಯಿತು, ದನಿ ಒಡೆಯಲಿಲ್ಲ.

"ಅಪ್ಪ, ನಿಮ್ಮ ಕಿವಿ ಕೆಟ್ಟಿದೆ ಅಂತ ನಾನು..."

"ಕೇಳಿಸ್ತು ಬಿಡು ಮಗಳೇ, ಅದೂ ಕೇಳಿಸ್ತು. ಸಂಜೆ ಪಾಠಕ್ಕೆ ಮಕ್ಕಳು ಬರ್ತಾರೆ, ಮುಖ ತೊಳ್ಕೊಂಡು ಬರ್ತೀನಿ, ಹೊರಡೋಣ."

ಮೇಷ್ಟ್ರು ಹಿತ್ತಲಿನ ನಲ್ಲಿಯತ್ತ ಹೋದರು. ಮಗಳ ಕೈ ಅಭ್ಯಾಸಬಲದಿಂದ ಸ್ವಿಚ್ಚಿನ ಕಡೆಗೆ ಹೋಯಿತು. ಅರ್ಧಕ್ಕೇ ಹಿಂದಕ್ಕೆ ಬಂತು. ಆಕೆ ಸ್ಟೂಲ್ ಎಳೆದುಕೊಂಡು, ಕೆಂಪಗೆ ಉರಿಯುವ ವಾಲ್ವ್‌ಗಳ ಎದುರು ಕೂತಳು.