ಫಾರ್ಮ್ಯಾಟ್ ಅನ್ನುವ ಮೊದಲು

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಮನೆಗಳಿಗೇನು ಕಮ್ಮಿಯೇ? ಆದರೂ ಕೊಟ್ರಮ್ಮನ ಯೂನಿಟ್ಟಿನ ಪ್ಯಾಂಟು ಸೊಂಟಕ್ಕೆ ಕೂತರೆ ಕೂತ ಹಾಗೇ. ಬಟ್ಟೆ ಕತ್ತರಿಸುವ ಅಳತೆಯ ಪ್ಯಾಟ್ರನ್ನುಗಳನ್ನು ಅವಳೇ ಕಂಪ್ಯೂಟರಿನಲ್ಲಿ ಬಿಡಿಸುತ್ತಾಳೆ. ಎಂಟು ವರ್ಷದ ಕೆಲಸ, ನೂರಾ ನಲವತ್ತು ಪ್ಯಾಟ್ರನ್ನು. ರಟ್ಟಿನ ಹಳೇ ಪ್ಯಾಟ್ರನ್ನುಗಳನ್ನು ಗಂಡ ಗಾದಿಲಿಂಗಪ್ಪ, "ಎಲ್ಲಾ ಕಂಪ್ಯೂಟರ್‌ನಾಗ ಐತಲ್ಲ" ಎಂದು ಪ್ಯಾಂಟಿನ ಬಂಡಲುಗಳ ಅಡಿಗೆ ಹಾಕಿ ಬಳ್ಳಾರಿಗೆ ಕಳಿಸಿಬಿಟ್ಟಿದ್ದ. ಪುಣ್ಯಾತ್ಮ!

ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಏಳಲೇ ಇಲ್ಲ. ಕರೀ ಪರದೆ, ಚಾಲೂ ಆಗಲು ಡಿಸ್ಕ್ ಸಿಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದೇ ಸಾಲು. ಒಳಗೆ ಟಿಕ್ ಟಿಕ್ ಸದ್ದು. ಗಾದಿಲಿಂಗಪ್ಪ ಹತ್ತು ಸಲ ಆಫ್ ಮಾಡಿದ, ಆನ್ ಮಾಡಿದ, ನೆತ್ತಿಗೆ ಎರಡು ಬಿಟ್ಟ. ಆ ಸದ್ದೂ ನಿಂತುಹೋಯಿತು. ರಿಪೇರಿಯವನಿಗೆ ಫೋನು ಹಚ್ಚಿದ.

"ಡಿಸ್ಕ್ ಹೋಗೈತಂತ. ಎಲ್ಲಾ ಫಾರ್ಮ್ಯಾಟ್ ಹೊಡದು ಸಂಜೀಕ ಕೊಡ್ತೀನಿ ಅಂದಾನ."

"ಫಾರ್ಮ್ಯಾಟ್ ಅಂದ್ರ ಒಳಗಿದ್ದದ್ದೆಲ್ಲಾ ಅಳಿಸೋದ್ರಿ! ನನ್ನ ಪ್ಯಾಟ್ರನ್?"

"ಇದ್ರ ತಾನ ಅಳಿಸೋದು? ಅವು ಹೋದ್ವು ಬಿಡು."

ಪ್ಯಾಟ್ರನ್ನು ಇಲ್ಲದೆ ಕತ್ತರಿಸುವುದೇನು? ಹೊಲಿಯಲು ಬರುವ ಹದಿನೆಂಟು ಹೆಣ್ಣುಮಕ್ಕಳನ್ನು ಮನೆಗೆ ಕಳಿಸಬೇಕೆ? ಗಂಡ ಕಂಪ್ಯೂಟರನ್ನು ಬೈಕಿಗೆ ಕಟ್ಟಲು ಹಗ್ಗ ಹುಡುಕುತ್ತಿರುವಾಗಲೇ ಕೊಟ್ರಮ್ಮ ಎದುರು ಮನೆಗೆ ಓಡಿ ಉಷಾರಾಣಿಯನ್ನು ಕರೆತಂದಳು. ಉಷಾರಾಣಿ ಕಾಲೇಜಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು.

ಅವಳು ನಡೆದದ್ದನ್ನೆಲ್ಲ ಕೇಳಿಕೊಂಡು, ಪೆಟ್ಟಿಗೆ ಬಿಚ್ಚಿ ನೋಡಿದಳು. "ಒಳಗ ಎರಡು ಡಿಸ್ಕ್ ಅದಾವಲ್ಲಕ್ಕಾ?"

"ಹೋದ ವರ್ಷ ಹೊಸದು ಹಾಕಿಸೀವಿ. ವಿಂಡೋಸು, ಪ್ಯಾಟ್ರನ್ನು ಎಲ್ಲಾ ಹೊಸದ್ರಾಗ ಅದಾವ."

"ಹಂಗಾದ್ರ ಟಿಕ್ ಟಿಕ್ ಅಂದು ಸತ್ತದ್ದು ಹಳೇದಿರಬೇಕು. ಚಾಲೂ ಮಾಡೋ ಸಣ್ಣ ಭಾಗ ಅದ್ರಾಗ ಉಳಕೊಂಡಿರ್ತೈತಿ."

ಗಾದಿಲಿಂಗಪ್ಪ ನಂಬಿದನೇ? "ಹೊಸದು ಚಲೋ ಇದ್ರ ಯಾಕ ಚಾಲೂ ಆಗವಲ್ದು? ಸುಮ್ನ ಹೊತ್ತು ಕಳೀಬ್ಯಾಡವ್ವ."

"ಅಣ್ಣಾರ, ಗುಮ್ಮಘಟ್ಟದ ಹೊಲದಾಗ ನಿಮ್ಮ ಬೋರಿನ ಸ್ಟಾರ್ಟರ್ ಸುಟ್ಟಾಗ ಬೋರ್ ಮುಚ್ಚಿಸಿದ್ರೇನ್ರಿ?"

"ಮುಚ್ಚಾಕ ನನಗೇನು ಹುಚ್ಚೇನು? ನೀರು ಒಳಗ ಇದ್ದೇ ಇರ್ತೈತಿ. ಸ್ಟಾರ್ಟರ್ ಬದಲಿ ಮಾಡಿಸಿದೆ."

ಅಂದವನೇ ಕೈಯಲ್ಲಿದ್ದ ಹಗ್ಗ ನೋಡಿಕೊಂಡ. ಅದನ್ನು ಮೂಲೆಗೆಸೆದು ಕುರ್ಚಿ ಎಳೆದುಕೊಂಡು ಕೂತ.

ಉಷಾರಾಣಿ ಮೊದಲು ಹೊಸ ಡಿಸ್ಕನ್ನು ಬಿಚ್ಚಿ ತನ್ನ ಲ್ಯಾಪ್‌ಟಾಪಿಗೆ ಜೋಡಿಸಿದಳು. ಪ್ಯಾಟ್ರನ್ನುಗಳು ಸಾಲಾಗಿ ಕಾಣಿಸಿದವು. ಒಂದು ತೆಗೆದು ನೋಡಿದರೆ ಜೇಬಿನ ಗೆರೆ ಸಮೇತ ಹಾಗೇ ಇದೆ! ಕೊಟ್ರಮ್ಮ ಸೆರಗಿನಲ್ಲಿ ಮುಖ ಒತ್ತಿಕೊಂಡು ಅತ್ತೇಬಿಟ್ಟಳು. ಹೋದ ಜೀವ ಬಂದಂತಾಯಿತು.

"ಮೊದಲು ಇವನ್ನ ಬ್ಯಾರೆ ಕಡೆ ನಕಲು ತಗೊಳ್ಳೋಣ. ಆಮ್ಯಾಲ ರಿಪೇರಿ" ಎಂದಳು ಉಷಾರಾಣಿ.

ನಕಲಾದ ಮೇಲೆ ಸತ್ತ ಡಿಸ್ಕನ್ನು ಪಕ್ಕಕ್ಕಿಟ್ಟು, ಹೊಸದನ್ನು ಮತ್ತೆ ಕೂರಿಸಿದಳು. ಏಳದ ಯಂತ್ರವನ್ನು ಚಾಲೂ ಮಾಡುವ ಪೆನ್‌ಡ್ರೈವ್ ಒಂದನ್ನು ಲ್ಯಾಪ್‌ಟಾಪಿನಲ್ಲಿ ತಯಾರಿಸಿ, ಕಂಪ್ಯೂಟರಿಗೆ ಚುಚ್ಚಿ ಅದರಿಂದಲೇ ಎಬ್ಬಿಸಿದಳು. ತಾನಾಗಿ ರಿಪೇರಿ ಆಗು ಎಂದರೆ ಅದು ಮೊದಲ ಸಲ ಆಗಲಿಲ್ಲ. "ನೋಡು, ನಾ ಹೇಳಿಲ್ಲೇನು?" ಎಂದು ಗಾದಿಲಿಂಗಪ್ಪ ಬಾಯಿ ತೆರೆದ, ಕೊಟ್ರಮ್ಮ ಒಮ್ಮೆ ದುರುಗುಟ್ಟಿದಳು, ಬಾಯಿ ಮುಚ್ಚಿತು. ಉಷಾರಾಣಿ ಚಾಲೂ ಮಾಡುವ ಭಾಗವನ್ನು ಹೊಸ ಡಿಸ್ಕಿಗೆ ತಾನೇ ಆದೇಶ ಟೈಪ್ ಮಾಡಿ ಬರೆಸಿದಳು. ಪೆನ್‌ಡ್ರೈವ್ ತೆಗೆದು ಆನ್ ಮಾಡಿದಳು. ಎದ್ದಿತು ಕಂಪ್ಯೂಟರ್!

ಮಧ್ಯಾಹ್ನದ ಹೊತ್ತಿಗೆ ಕತ್ತರಿಸುವ ಮೇಜಿನ ಮೇಲೆ ಬಟ್ಟೆ ಹಾಸಿತ್ತು. ಗಾದಿಲಿಂಗಪ್ಪ ರಿಪೇರಿಯವನಿಗೆ, "ಫಾರ್ಮ್ಯಾಟ್ ಬ್ಯಾಡಪಾ" ಎಂದು ಫೋನಿಟ್ಟು, ಹೆಂಡತಿಯ ಕಡೆ ತಿರುಗಿದ. "ತಪ್ಪಾತು ಕೊಟ್ರಮ್ಮ. ನಿನ್ನ ಎಂಟು ವರ್ಷಾನ ಬೈಕಿಗೆ ಕಟ್ಟಿ ಒಯ್ತಿದ್ನಲ್ಲ."

ಅಕ್ಕಂದಿರೇ, ಅಣ್ಣಂದಿರೇ, ಕಂಪ್ಯೂಟರ್ ಏಳದಿದ್ದರೆ ಮತ್ತೆ ಮತ್ತೆ ಆನ್ ಮಾಡಬೇಡಿ, ಬಡಿಯಬೇಡಿ. ಯಾವ ಡಿಸ್ಕ್ ಕೆಟ್ಟಿದೆ, ನಮ್ಮ ಕೆಲಸ ಯಾವುದರಲ್ಲಿದೆ ಎಂದು ಕೇಳಿ ತಿಳಿಯುವ ತನಕ ಫಾರ್ಮ್ಯಾಟಿಗೆ ಹೂಂ ಅನ್ನಬೇಡಿ. ಕಂಪ್ಯೂಟರ್ ಚೆನ್ನಾಗಿರುವಾಗಲೇ ಬಲ್ಲವರಿಂದ ಚಾಲೂ ಮಾಡುವ ಪೆನ್‌ಡ್ರೈವ್ ಒಂದು ಮಾಡಿಸಿಡಿ. ಕೊಟ್ರಮ್ಮನ ಹೊಸ ಡಿಸ್ಕ್ ಉಳಿದದ್ದು ಅದೃಷ್ಟ. ಅದೂ ಸತ್ತಿದ್ದರೆ ಉಷಾರಾಣಿಯಾದರೂ ಏನು ಮಾಡಿಯಾಳು? ನೀವು ಕಷ್ಟಪಟ್ಟು ಮಾಡಿದ ಕೆಲಸದ ಇನ್ನೊಂದು ನಕಲನ್ನು ಇವತ್ತೇ ಬೇರೆ ಕಡೆ ಇಡಿ.