ಕೊಟ್ರಬಸಪ್ಪನ ಹಾರನ್

ಚನ್ನಗಿರಿಯ ಅಡಿಕೆ ವ್ಯಾಪಾರಿ ಕೊಟ್ರಬಸಪ್ಪನ ಮನೆಗೆ ಅಂಬಾಸಿಡರ್ ಕಾರು ಬಂದ ದಿನವೇ ಅವನ ಬಾಯಿ ರಜೆ ಹಾಕಿತು. ಅದಕ್ಕೆ ಮೊದಲೂ ಅವನೇನು ಮಾತಿನ ಮಲ್ಲನಲ್ಲ. ಹೆಂಡತಿ ಶಾಂತಾದೇವಿಯನ್ನು ಒಂದು ದಿನವೂ ಹೆಸರು ಹಿಡಿದು ಕರೆದವನಲ್ಲ. 'ಏ' ಅಂದರೆ ಅವಳು ಬರುತ್ತಿದ್ದಳು. ಕಾರು ಬಂದ ಮೇಲೆ ಆ 'ಏ' ಕೂಡ ಉಳಿತಾಯವಾಯಿತು. ಎರಡು ಸಲ ಹಾರನ್ ಹೊಡೆದರೆ ಗೇಟು ತೆಗೆಯಬೇಕು, ಮೂರು ಸಲ ಹೊಡೆದರೆ ಕಾಫಿಗೆ ಇಡಬೇಕು, ಒತ್ತಿ ಹಿಡಿದರೆ ಎಲ್ಲಿದ್ದರೂ ಓಡಿ ಬರಬೇಕು. ಎಪ್ಪತ್ತೆಂಟನೇ ಇಸವಿಯ ಹೊತ್ತಿಗೆ ಈ ಲೆಕ್ಕ ಬೀದಿಗೆಲ್ಲ ಬಾಯಿಪಾಠವಾಗಿ, ಮೂರು ಸಲ ಹೊಡೆದರೆ ಪಕ್ಕದ ಮನೆಯವರೂ ಒಲೆ ಹಚ್ಚುತ್ತಿದ್ದರು.

ಆ ವರ್ಷ ಶ್ರಾವಣ ಕಳೆದ ಮೇಲೆ ಶಾಂತಾದೇವಿ ಜ್ವರ ಬಂದು ಮಲಗಿದಳು. ಕೊಟ್ರಬಸಪ್ಪ ಗೇಟಿನ ಹೊರಗೆ ಕಾರು ನಿಲ್ಲಿಸಿ ಹಾರನ್ ಒತ್ತಿದ್ದೇ ಒತ್ತಿದ್ದು. ಇಳಿದು ಗೇಟು ತೆಗೆಯಲು ಅವನಿಗೆ ಕೈಯಿರಲಿಲ್ಲವೇ? ಇತ್ತು, ಹಾರನ್ ಮೇಲಿತ್ತು. ಅವಳು ಗೋಡೆ ಹಿಡಿದುಕೊಂಡು ಬಂದು ಗೇಟು ತೆಗೆದಳು. ಜ್ವರ ಬಿಟ್ಟ ಮೇಲೆ ಬಸ್ಸು ಹತ್ತಿ ಸಂತೇಬೆನ್ನೂರಿನ ತವರಿಗೆ ಹೋದಳು. ಅವಳಪ್ಪ ಮುರುಗೇಶಪ್ಪ ಹೇಳಿಕಳಿಸಿದ್ದು ಇಷ್ಟೇ: ಬಾಯಿಬಿಟ್ಟು ಕರೆದರೆ ಬರುತ್ತಾಳಂತೆ, ಹಾರನ್ನಿಗೆ ಬರುವುದಿಲ್ಲವಂತೆ.

ಕೊಟ್ರಬಸಪ್ಪ ಮೊದಲು ಉರಿದುಬಿದ್ದ. ಆಮೇಲೊಂದು ಸಂಜೆ ಮಂಡಿಯಿಂದ ಬಂದವನು ಅಭ್ಯಾಸಬಲದಿಂದ ಎರಡು ಸಲ ಹೊಡೆದ. ಯಾರೂ ಬರಲಿಲ್ಲ. ತನ್ನದೇ ಗೇಟಿನ ಮುಂದೆ ಕತ್ತಲಾಗುವ ತನಕ ಕಾರಿನಲ್ಲೇ ಕೂತಿದ್ದ. ಅವಳಿಲ್ಲದ ಆ ಮನೆಯೊಳಗೆ ಹೋಗಲು ಅವನಿಗೆ ನಿಜವಾಗಿ ಹೆದರಿಕೆಯಾಗಿತ್ತು.

ದಸರೆಗೆ ಅವಳನ್ನು ಕರೆತರಲೇಬೇಕು, ಆದರೆ ಮರ್ಯಾದೆಯೂ ಹೋಗಬಾರದು. ತಲೆ ಕೆರೆದು ಕೆರೆದು ಒಂದು ಉಪಾಯ ಹುಡುಕಿದ. ಮಾವನ ಮನೆ ಮುಂದೆ ಕಾರು ನಿಲ್ಲಿಸಿ, ಒಂದೇ ಒಂದು ಸಲ, ಬಹಳ ಮೆತ್ತಗೆ ಹಾರನ್ ಹೊಡೆಯುವುದು. ಅಷ್ಟು ಮೆತ್ತಗೆ ಹೊಡೆದರೆ ಅದು ಬಾಯಿಂದ ಕರೆದ ಹಾಗೆಯೇ ಎಂದು ಅವನ ನಂಬಿಕೆ.

ಆಯುಧ ಪೂಜೆಯ ದಿನ ಬೆಳಿಗ್ಗೆ ಕಾರಿಗೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿದ. ಕಾರಿನ ಜೀವವೆಲ್ಲ ಬ್ಯಾಟರಿಯಲ್ಲಿರುತ್ತದೆ ಎಂದು ಮಂಡಿಯಲ್ಲಿ ಯಾರೋ ಹೇಳಿದ್ದರು. ಹಾಗಾಗಿ ಬಾನೆಟ್ ಎತ್ತಿ ಬ್ಯಾಟರಿಗೆ ಪಂಚಾಮೃತದ ಅಭಿಷೇಕ ಮಾಡಿದ. ಹಾಲು, ಮೊಸರು, ತುಪ್ಪ, ಜೇನುತುಪ್ಪ, ಸಕ್ಕರೆ ಯಾವುದಕ್ಕೂ ಕೈ ಬಿಗಿ ಹಿಡಿಯಲಿಲ್ಲ. ಮೇಲೆ ಬಾಳೆಹಣ್ಣನ್ನೂ ಕಿವುಚಿ ಹಾಕಿದ. ಅಷ್ಟೆಲ್ಲ ಉಂಡ ಬ್ಯಾಟರಿ ಸಂತೇಬೆನ್ನೂರಿನ ತನಕ ಎಳೆದದ್ದೇ ಹೆಚ್ಚು. ಊರ ಬಾಗಿಲಲ್ಲಿ ಕಾರು ಒಂದು ಗುಂಡಿಗೆ ಬಿದ್ದು ಎದ್ದದ್ದೇ ತಡ, ಎಂಜಿನ್ ನಿಂತುಹೋಯಿತು. ಕೀಲಿ ತಿರುಗಿಸಿದರೆ ಸದ್ದಿಲ್ಲ. ಲೈಟಿಲ್ಲ, ವೈಪರ್ ಅಲ್ಲಾಡಲಿಲ್ಲ. ಕೊನೆಗೆ ಹಾರನ್ ಒತ್ತಿದ, ಅದೂ ಮೂಕ.

ಅಲ್ಲೇ ಗ್ಯಾರೇಜ್ ಇಟ್ಟಿದ್ದ ಬೋರಣ್ಣ ಬಂದು ಬಾನೆಟ್ ಎತ್ತಿದ. ಒಳಗೆ ಇರುವೆಗಳ ಸಂತೆ ನೆರೆದಿತ್ತು. ಬ್ಯಾಟರಿ ವೈರಿನ ಕ್ಲಾಂಪು ತುಪ್ಪಕ್ಕೆ ಜಾರಿ, ಕಳಚಿ, ಮುರಿದೂಹೋಗಿತ್ತು. ಬೇರೆ ಕ್ಲಾಂಪು ಹಾಕಿ ಒಂದು ಬೋಲ್ಟು ಬಿಗಿದರೆ ಸಾಕು, ಅರೆಗಳಿಗೆಯ ಕೆಲಸ, ಆದರೆ ಇವತ್ತಲ್ಲ ಎಂದ.

"ಸ್ಪ್ಯಾನರ್ ಪೂಜೆಗೆ ಕುಂತೈತೆ ಸಾವ್ಕಾರ್ರೆ. ನಾಳೆ ಮಂಗಳಾರತಿ ಆಗೋಗಂಟ ಎತ್ತಾಕೆ ಬರಲ್ಲ."

ಹೌದು, ಗ್ಯಾರೇಜಿನ ಮೂಲೆಯಲ್ಲಿ ಸ್ಪ್ಯಾನರುಗಳೆಲ್ಲ ವಿಭೂತಿ ಬಳಿದುಕೊಂಡು ಮಣೆಯ ಮೇಲೆ ಕೂತಿದ್ದವು. ಇಕ್ಕಳ ಕೊಡು ಎಂದರೆ ಅದೂ ಪಕ್ಕದಲ್ಲೇ ಕೂತಿತ್ತು. ಅಡಕತ್ತರಿಯಾದರೂ ಆದೀತು ಎಂದು ಕೊಟ್ರಬಸಪ್ಪ ಊರೊಳಗೆ ಕೇಳಿಸಿದ. ಊರಿನ ಅಡಕತ್ತರಿಗಳಿಗೆಲ್ಲ ಹೂವೇರಿತ್ತು. ಕಮ್ಮಾರನ ಚಿಮಟ, ಕ್ಷೌರದಂಗಡಿಯ ಕತ್ತರಿ, ಕಿರಾಣಿಯ ತಕ್ಕಡಿ, ಯಾವುದನ್ನು ಕೇಳಿದರೂ ಅದಕ್ಕೆ ಬೆಳಿಗ್ಗೆಯೇ ಕುಂಕುಮ ಬಿದ್ದಿತ್ತು. ಎತ್ತು ಕಟ್ಟಿ ಎಳೆಸೋಣವೆಂದರೆ ಎತ್ತೇನೋ ಖಾಲಿಯಿದ್ದವು, ನೊಗ ಪೂಜೆಯಲ್ಲಿತ್ತು. ಕೆಲಸಕ್ಕೆ ಬರುವಂಥ ವಸ್ತು ಆ ಊರಲ್ಲಿ ಒಂದೂ ಬಿಡುವಾಗಿರಲಿಲ್ಲ. ಪೂಜೆ ಮಾಡಿದ್ದನ್ನು ಅದೇ ದಿನ ಓಡಿಸಿದರೆ ಕೂರದೆ ಇನ್ನೇನು ಮಾಡುತ್ತದೆ ಎಂದು ಬೋರಣ್ಣ ಕಾರಿನ ಪರವಾಗಿಯೂ ಒಂದು ಮಾತಾಡಿದ.

ಇಳಿದು ನಡೆದರೆ ಮಾವನ ಮನೆ ಕೂಗಳತೆ. ಆದರೆ ಸಾಹುಕಾರ ಅಳಿಯ ಹಬ್ಬದ ದಿನ ಧೂಳು ತುಳಿದುಕೊಂಡು ಹೋಗುವುದುಂಟೇ? ಕೈಗೆ ಯಾರೂ ಪೂಜೆ ಮಾಡಿಲ್ಲವಲ್ಲ, ಕೈಯಿಂದಲೇ ನೂಕಿ ಎಂದ. ಅದು ಎಲ್ಲರಿಗೂ ನ್ಯಾಯವೆನಿಸಿತು. ಊರ ಗಂಡಸರು ಕೈಹಚ್ಚಿ ನೂಕತೊಡಗಿದರು. ಬಾಳೆಕಂದು ಕಟ್ಟಿದ ಕಾರು ಸದ್ದಿಲ್ಲದೆ ಬರುವುದನ್ನು ಕಂಡ ಹೆಂಗಸರು ಮೆರವಣಿಗೆಯೆಂದು ತಿಳಿದು ದಾರಿಗೆ ನೀರು ಹಾಕಿದರು, ಆರತಿ ಎತ್ತಿದರು. ಬಾರಿಸುವ ಹಲಗೆಯೂ ಪೂಜೆಗೆ ಕೂತಿದ್ದರಿಂದ ಹಿಂದಿನವರು ಚಪ್ಪಾಳೆ ತಟ್ಟಿದರು. ಒಳಗೆ ಕೂತಿರುವುದು ಯಾವ ದೇವರೆಂದು ಒಬ್ಬ ಮುದುಕಿ ಕೇಳಿದಳು. ಕೊಟ್ರಬಸಪ್ಪನಿಗೆ ಇದಾವುದರ ಪರಿವೆ ಇರಲಿಲ್ಲ. ಹಾರನ್ ಇಲ್ಲದೆ ಅವಳನ್ನು ಕರೆಯುವುದು ಹೇಗೆಂದು ಅವನಿಗೆ ತೋಚುತ್ತಿರಲಿಲ್ಲ.

ಕಾರು ಮುರುಗೇಶಪ್ಪನ ಮನೆ ಮುಂದೆ ನಿಂತಿತು. ಕೊಟ್ರಬಸಪ್ಪ ಹಾರನ್ ಒತ್ತಿದ, ಮತ್ತೂ ಒತ್ತಿದ. ಮಾವ ಜಗಲಿಗೆ ಬಂದು ಒಳಗೆ ಕರೆದ. ಅಳಿಯ ಅಲ್ಲಾಡದಿದ್ದುದನ್ನು ಕಂಡು, ಮಗಳು ಬಾಗಿಲ ಹಿಂದೆಯೇ ನಿಂತಿದ್ದಾಳೆ, ಕರೆಯಬೇಕಷ್ಟೆ ಎಂದ. ಕೊಟ್ರಬಸಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ ಬಾಯಿ ತೆರೆದ. ಎಷ್ಟೋ ದಿನದಿಂದ ಕೆಲಸವಿಲ್ಲದ ಬಾಯಿ, ತನಗೆ ಗೊತ್ತಿದ್ದದ್ದನ್ನು ಹೇಳಿತು.

"ಪೋಂ," ಎಂದ. "ಪೋಂ ಪೋಂ."

ನೂಕಿದವರೆಲ್ಲ ನೆಲ ನೋಡಿದರು. ಬೋರಣ್ಣ ಕೆಮ್ಮಿದ. ಒಳಗಿನಿಂದ ಶಾಂತಾದೇವಿಯ ದನಿ ಬಂತು.

"ಅದು ಕಾರಿನ ಮಾತಾತು. ನಿಮ್ದೇನೈತೆ, ಹೇಳ್ರಿ."

ಕೊಟ್ರಬಸಪ್ಪ ಕಾರಿನ ಬಾಗಿಲು ತೆಗೆದು ಇಳಿದ. ಅವಮಾನದಿಂದ ಕಿವಿ ಕಾದಿದ್ದವು, ಇನ್ನೊಂದು ಕ್ಷಣ ತಡೆದರೆ ಅತ್ತೇಬಿಡುತ್ತಿದ್ದ.

"ಶಾಂತಾ," ಎಂದ. "ನಿಂಗೆ ಜ್ವರ ಬಂದಾಗ ನಾನು ಇಳಿದು ಬರ್ಬೇಕಿತ್ತು, ಬರ್ಲಿಲ್ಲ. ನೀನಿಲ್ದೆ ಮನೆ ಒಳಗೆ ಹೋಗಾಕೆ ಆಗವಲ್ದು. ಬಾ."

ಶಾಂತಾದೇವಿ ಹೊರಗೆ ಬಂದಳು. ಅವನನ್ನೊಮ್ಮೆ ದಿಟ್ಟಿಸಿ ನೋಡಿ, ಕಾಲಿಗೆ ನೀರು ತಂದಿಟ್ಟಳು. ನಾಳೆ ಹಿರಿಯರಿಗೆಲ್ಲ ಬನ್ನಿ ಕೊಟ್ಟ ಮೇಲೆ ಹೊರಡೋಣ ಎಂದಳು. ಹಾಗಾದರೆ ಬೆಳಿಗ್ಗೆ ಮೊದಲು ಈ ಕಾರಿಗೇ ಸ್ಪ್ಯಾನರ್ ಹಾಕುವುದಾಗಿ ಬೋರಣ್ಣ ಮಾತು ಕೊಟ್ಟ.

"ಎಲ್ಲಾ ವೈರೂ ಜೋಡ್ಸಣ್ಣ," ಎಂದಳು ಶಾಂತಾದೇವಿ. "ಹಾರನ್ನಿಂದು ಮಾತ್ರ ಕಿತ್ತು ನನ್ ಕೈಗೆ ಕೊಡು."

ಬೋರಣ್ಣ ಸಾಹುಕಾರನ ಮುಖ ನೋಡಿದ. ಕೊಟ್ರಬಸಪ್ಪ ಕಾಲು ತೊಳೆಯುತ್ತಲೇ, ಕೊಡು ಎಂದು ಬಾಯಿಬಿಟ್ಟು ಹೇಳಿದ.